ಮಲ್ಲಿಗೆಗೆ ಹೊಗೆಯ ವಾಸನೆ ಎಲ್ಲಿಂದ ಬಂತು?

ಇಟ್ಟಿಗಿಯ ಸೋಮಶೇಖರ್ ಮಲ್ಲಿಗೆ ಬೆಳೆಯುತ್ತಾನೆ. ತನ್ನ ತೋಟದ ಹೂವಿನ ಜೊತೆಗೆ ಅಕ್ಕಪಕ್ಕದವರ ಹೂವನ್ನೂ ಸೇರಿಸಿಕೊಂಡು ದಿನಾ ಬೆಳಿಗ್ಗೆ ಹರಪನಹಳ್ಳಿಯ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಮೊದಲು ಬಸ್ಸಿನಲ್ಲಿ ಒಯ್ಯುತ್ತಿದ್ದ. ಬಸ್ಸು ತಡವಾದ ದಿನ ಮೊಗ್ಗು ದಾರಿಯಲ್ಲೇ ಬಿರಿದುಬಿಡುತ್ತಿತ್ತು. ಬಿರಿದ ಹೂವನ್ನು ಅಂಗಡಿಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೇ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡ. ಹೂವಿಗೂ ಆಯಿತು, ಮನೆಮಂದಿಗೂ ಆಯಿತು.

ಒಂದು ದಿನ ಹೂವಿನ ಅಂಗಡಿಯ ತಿಪ್ಪೇಶ ಬುಟ್ಟಿಯ ಒದ್ದೆ ಬಟ್ಟೆ ಸರಿಸಿದ. ಒಂದು ಬೊಗಸೆ ಮೊಗ್ಗು ಎತ್ತಿ ಮೂಗಿಗೆ ಹಿಡಿದ. ಹಾಗೇ ಕೆಳಗಿಟ್ಟ.

"ಏನ್ರಿ ಸೋಮಣ್ಣ, ಹೂವು ಒಲಿ ಮುಂದ ಇಟ್ಟಿದ್ರೇನು? ಹೊಗಿ ವಾಸ್ನಿ ಹೊಡಿತೈತಲ್ರಿ!"

"ಹೊಗಿ? ಏನ್ ಮಾತಾಡ್ತೀಯೋ ತಿಪ್ಪೇಶ! ಗಿಡದಿಂದ ಸೀದಾ ಬುಟ್ಟಿಗೆ, ಬುಟ್ಟಿಯಿಂದ ಸೀದಾ ನಿನ್ನ ಅಂಗಡಿಗೆ."

"ನೀವೇ ಮೂಸಿ ನೋಡ್ರಿ ಮತ್ತ."

ಸೋಮಶೇಖರ್ ಮೂಸಿದ. ಅವನಿಗೆ ಏನೂ ಗೊತ್ತಾಗಲಿಲ್ಲ. ಆದರೆ ಜೊತೆಗೆ ಬಂದಿದ್ದ ಹೆಂಡತಿ ಗೀತಾಂಜಲಿಗೆ ಗೊತ್ತಾಯಿತು. ಮಲ್ಲಿಗೆಯ ಕಂಪಿನ ಅಡಿಯಲ್ಲಿ ಏನೋ ಒಂದು ಕಮಟು. ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಹಿಂದೆ ಹಾದುಹೋದರೆ ಬರುತ್ತದಲ್ಲ, ಅಂಥದ್ದು. ಅವಳು ಒಂದೊಂದೇ ಬುಟ್ಟಿ ಮೂಸುತ್ತ ಹೋದಳು. ಮುಂದಿನ ಸೀಟಿನ ಹತ್ತಿರ ಇಟ್ಟಿದ್ದ ಬುಟ್ಟಿಯಲ್ಲಿ ವಾಸನೆ ಕಡಿಮೆ. ಡಿಕ್ಕಿಯ ಬಾಗಿಲ ಹತ್ತಿರ ಇಟ್ಟಿದ್ದರಲ್ಲಿ ಜಾಸ್ತಿ.

'ಒಂದೇ ಬೆಳಗಿನ ಹೂವು, ಒಂದೇ ಕಾರು. ಇದಕ್ಕೆ ಬಂದ ವಾಸನೆ ಅದಕ್ಕೆ ಯಾಕೆ ಇಲ್ಲ?' ಎಂಬ ಪ್ರಶ್ನೆ ಅವಳ ತಲೆ ಹೊಕ್ಕಿತು. ಗೀತಾಂಜಲಿಯ ತಲೆಗೆ ಒಂದು ಪ್ರಶ್ನೆ ಹೊಕ್ಕರೆ ಉತ್ತರ ಸಿಗುವವರೆಗೆ ಅದು ಹೊರಗೆ ಹೋಗುವುದಿಲ್ಲ.

ಆ ಕಾರಿನಲ್ಲಿ ದಿನಾ ಇನ್ನೊಬ್ಬರೂ ಹೋಗುತ್ತಿದ್ದರು. ಸೋಮಶೇಖರನ ತಾಯಿ ಪಂಪಮ್ಮ. ಅವರ ಮಗಳನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಮಗಳು ಅಲ್ಲೇ ಹೆತ್ತಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸವನ್ನು ಪಂಪಮ್ಮ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹೂವಿನ ಜೊತೆ ಹೋಗಿ, ಕೂಸಿಗೆ ಎರೆದು, ಮಗನ ಜೊತೆ ವಾಪಸು ಬರುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಬಾಣಂತಿಯನ್ನೂ ಕೂಸನ್ನೂ ಇದೇ ಕಾರಿನಲ್ಲಿ ಇಟ್ಟಿಗಿಗೆ ಕರೆತರುವುದು ಎಂದು ಮಾತಾಗಿತ್ತು.

ಪಂಪಮ್ಮನ ಮೂಗು ಊರಿಗೇ ಹೆಸರುವಾಸಿ. ಮೊಗ್ಗು ಮೂಸಿ ಇದು ಇಂಥವರ ತೋಟದ್ದು ಎಂದು ಹೇಳುವಷ್ಟು ಚುರುಕು. ಸಂಜೆ ಗೀತಾಂಜಲಿ ಕೇಳಿದಳು.

"ಅತ್ತಿ, ಕಾರಿನಾಗ ಕುಂತಾಗ ನಿಮಗ ಏನಾರ ವಾಸ್ನಿ ಬರ್ತೈತೇನು?"

"ಬರ್ದೇ ಏನವ್ವ! ನಾನು ಹೇಳಿದ್ರ ಯಾರು ಕೇಳ್ತೀರಿ? ಹೋಗ್ತಾ ಹೋಗ್ತಾ ತಲಿ ಅಂದ್ರ ತಲಿ ಸಿಡಿತೈತಿ. ಹೊಟ್ಟಿ ತೊಳಸ್ತೈತಿ. ಮಗಳ ಮನ್ಯಾಗ ಕಟ್ಟಿ ಮ್ಯಾಲೆ ಒಂದೀಟು ಕುಂತ ಮ್ಯಾಲೆ ಸುಮಾರಾಗ್ತೈತಿ."

ಸೋಮಶೇಖರ್ ನಕ್ಕ. "ಅವ್ವಗ ಮೊದಲಿಂದ ಕಾರು ಆಗಿಬರಲ್ಲ. ಬರೇ ಹೊಟ್ಟೀಲಿ ಹತ್ತಿದ್ರ ಹಂಗ ಆಗೋದ."

"ಬರ್ತಾ ಆಗ್ತೈತೇನ್ರಿ ಅತ್ತಿ?" ಎಂದು ಗೀತಾಂಜಲಿ ಬಿಡದೆ ಕೇಳಿದಳು.

ಪಂಪಮ್ಮ ಯೋಚಿಸಿದರು. "ಇಲ್ಲ ನೋಡು. ಬರ್ತಾ ಅಷ್ಟಾಗಿ ಇಲ್ಲ."

"ಅದ ಕಾರು, ಅದ ದಾರಿ. ಹೋಗ್ತಾ ಇರೋ ತಲಿನೋವು ಬರ್ತಾ ಯಾಕಿಲ್ಲ?"

"ಆತು, ನಿನ್ನ ಪತ್ತೇದಾರಿಕಿ ಚಾಲೂ ಆತು," ಎಂದ ಸೋಮಶೇಖರ್.

ಮರುದಿನ ಅವನು ಪೇಟೆಯಿಂದ ಒಂದು ಸುಗಂಧದ ಬಾಟಲಿ ತಂದು ಕಾರಿನ ಕನ್ನಡಿಗೆ ನೇತು ಹಾಕಿದ. ನಿಂಬೆಹಣ್ಣಿನ ವಾಸನೆ ಕಾರಿನ ತುಂಬ ತುಂಬಿಕೊಂಡಿತು.

"ಹೋತಿಲ್ಲೋ ವಾಸ್ನಿ?" ಎಂದು ಹೆಮ್ಮೆಯಿಂದ ಕೇಳಿದ.

ಪಂಪಮ್ಮ ಮೂಗು ಹಿಗ್ಗಿಸಿ, "ಹೋಗಿಲ್ಲಪ್ಪ. ನಿಂಬಿಹಣ್ಣಿನ ಹಿಂದ ಅಡಗಿ ಕುಂತೈತಿ," ಎಂದರು. ಆ ದಿನವೂ ಅವರ ತಲೆ ಸಿಡಿಯಿತು.

ಅದೇ ವಾರ ಗೀತಾಂಜಲಿಗೆ ಇನ್ನೊಂದು ವಿಚಿತ್ರ ಕಂಡಿತು. ಬುಟ್ಟಿ ತೊಳೆಯುವಾಗ ನೋಡಿದರೆ, ಡಿಕ್ಕಿಯ ಬಾಗಿಲ ಕಡೆಗೆ ಮುಖ ಮಾಡಿದ ಬದಿಗೆ ಕೆಂಪು ಧೂಳು ದಪ್ಪಗೆ ಅಂಟಿತ್ತು. ಸೀಟಿನ ಕಡೆಗಿದ್ದ ಬದಿ ಚೊಕ್ಕಟವಾಗಿತ್ತು. ಬುಟ್ಟಿಗಳು ಎತ್ತರ ಇದ್ದುದರಿಂದ ಡಿಕ್ಕಿಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸೋಮಶೇಖರ್ ಅದನ್ನು ಅರ್ಧ ತೆರೆದು ಹಗ್ಗದಿಂದ ಬಿಗಿಯುತ್ತಿದ್ದ. ಬರುವಾಗ ಬುಟ್ಟಿ ಖಾಲಿ. ಒಂದರೊಳಗೊಂದು ಇಟ್ಟು ಡಿಕ್ಕಿ ಮುಚ್ಚಿಕೊಂಡು ಬರುತ್ತಿದ್ದ.

ಹೋಗುವಾಗ ತೆರೆದ ಡಿಕ್ಕಿ. ಬರುವಾಗ ಮುಚ್ಚಿದ ಡಿಕ್ಕಿ. ಹೋಗುವಾಗ ತಲೆನೋವು. ಬರುವಾಗ ಇಲ್ಲ.

ಗೀತಾಂಜಲಿಯ ಜೊತೆ ಹಡಗಲಿಯಲ್ಲಿ ಹೈಸ್ಕೂಲು ಓದಿದ ಕೋಮಲಾ ಈಗ ಊರಿನ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಪಂಪಮ್ಮನ ಬಿ.ಪಿ. ನೋಡಲು ಮನೆಗೆ ಬಂದಾಗ ಗೀತಾಂಜಲಿ ಎಲ್ಲವನ್ನೂ ಹೇಳಿದಳು. ಕೋಮಲಾ ಬಿ.ಪಿ. ಪಟ್ಟಿ ಸುತ್ತಿಡುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು.

"ಕಾರಿನ ಮಿಷನ್ ವಿಚಾರ ನನಗ ಗೊತ್ತಿಲ್ಲ ಗೀತಾ. ಮನುಷ್ಯರ ವಿಚಾರ ಕೇಳ್ತೀನಿ. ಪಂಪಮ್ಮಾರೇ, ಇಳಿದು ಗಾಳಿಗೆ ಕುಂತ್ರ ತಲಿನೋವು ಕಡಿಮಿ ಆಗ್ತೈತೇನ್ರಿ?"

"ಆಗ್ತೈತವ್ವ."

"ಸೋಮಣ್ಣಾರೇ, ನಿಮಗ?"

ಸೋಮಶೇಖರ್ ತಡವರಿಸಿದ. "ಒಂದೀಟು ತಲಿ ಭಾರ ಅನ್ನಸ್ತೈತಿ. ನಸುಕಿಗೆ ಏಳ್ತೀವಲ್ರಿ, ನಿದ್ದಿ ಕಡಿಮಿ."

"ಒಂದ ಗಾಡ್ಯಾಗ ಹೋದ ಇಬ್ರಿಗೂ ಒಂದ ಹೊತ್ತಿಗೆ ತಲಿನೋವು. ಇಳಿದ್ರ ವಾಸಿ. ಇದು ನಿದ್ದಿ ಮಾತಲ್ರಿ. ಗಾಡಿ ಹೊಗಿ ಒಳಗ ಬರ್ತಾ ಐತಿ ಅನ್ನಸ್ತೈತಿ. ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ವಿಷಗಾಳಿ ಇರ್ತೈತಿ. ಅದಕ್ಕ ಬಣ್ಣ ಇಲ್ಲ, ವಾಸ್ನಿ ಇಲ್ಲ."

"ವಾಸ್ನಿ ಇಲ್ಲಂದ್ರ ನಮಗ ಬರ್ತಿರೋ ವಾಸ್ನಿ ಯಾವುದು ಮತ್ತ?" ಎಂದು ಪಂಪಮ್ಮ ಕೇಳಿದರು.

"ಅದು ಹೊಗಿಯೊಳಗಿನ ಬ್ಯಾರೆ ಪದಾರ್ಥದ್ದು. ಹೊಗಿ ವಾಸ್ನಿ ಬಂತಂದ್ರ ಈ ವಿಷಗಾಳಿನೂ ಜೊತಿಗೆ ಬಂದೈತಿ ಅಂತ ತಿಳ್ಕೊಬೇಕು. ವಾಸ್ನಿ ಇಲ್ಲಂದ್ರ ಇದೂ ಇಲ್ಲ ಅಂತ ಮಾತ್ರ ತಿಳ್ಕೊಬಾರದು."

"ಉಸಿರಿನಾಗ ಹೋಗಿ ಅದು ಏನು ಮಾಡ್ತೈತಿ?" ಗೀತಾಂಜಲಿಯ ಪ್ರಶ್ನೆ.

"ನಮ್ಮ ರಕ್ತದಾಗ ಆಮ್ಲಜನಕ ಕುಂದ್ರೋಕ ಜಾಗ ಇರ್ತೈತಿ. ಬಸ್ಸಿನಾಗ ಸೀಟು ಇದ್ದಂಗ ಅಂತ ತಿಳ್ಕೊ. ಈ ವಿಷಗಾಳಿ ಕಿಟಕಿಯಿಂದ ಟವೆಲ್ ಹಾಕಿ ಮೊದಲ ಸೀಟು ಹಿಡಿದುಬಿಡ್ತೈತಿ. ಆಮ್ಲಜನಕಕ್ಕ ಜಾಗ ಇಲ್ಲ. ಮೊದಲು ತಲಿನೋವು, ಆಮೇಲೆ ತಲಿ ತಿರುಗೋದು, ವಾಂತಿ, ತೂಕಡಿಕಿ. ಅಲ್ಲೇ ಕುಂತ್ರ ಎಚ್ಚರ ತಪ್ತೈತಿ. ಜೀವನೂ ಹೋಗ್ತೈತಿ. ವಯಸ್ಸಾದವರಿಗೆ, ಬಸುರಿಯರಿಗೆ, ಕೂಸುಗಳಿಗೆ ಇನ್ನೂ ಜಲ್ದಿ."

ಕೂಸು ಎಂದ ಕೂಡಲೇ ಪಂಪಮ್ಮ ಮಗನ ಮುಖ ನೋಡಿದರು.

ಸೋಮಶೇಖರ್ ಒಪ್ಪಲಿಲ್ಲ. "ನೋಡ್ರಿ ಮೇಡಂ, ಹೊಗಿ ಕೊಳವಿ ಇರೋದು ಹಿಂದ. ಕಾರು ಹೋಗೋದು ಮುಂದ. ಹಿಂದ ಬಿಟ್ಟ ಹೊಗಿ ಓಡಿ ಬಂದು ನಮ್ಮ ಕಾರು ಹತ್ತತೈತೇನ್ರಿ? ಮತ್ತ ನನ್ನ ಹತ್ರ ಹೊಗಿ ತಪಾಸಣಿ ಸರ್ಟಿಫಿಕೇಟ್ ಐತಿ. ತೋರಿಸ್ಲೇನು?"

"ನನಗ ತೋರಿಸಬ್ಯಾಡ್ರಿ. ಗಾಡೀನ ಮೆಕ್ಯಾನಿಕ್‌ಗೆ ತೋರಿಸ್ರಿ. ಅಲ್ಲೀತನ ಪಂಪಮ್ಮಾರು ಬಸ್ಸಿಗೆ ಹೋಗ್ಲಿ. ನೀವೂ ಡಿಕ್ಕಿ ತಗದು ಓಡಿಸಬ್ಯಾಡ್ರಿ."

ಮುಹೂರ್ತದ ದಿನಗಳು. ಹೂವಿಗೆ ಒಳ್ಳೆ ಬೇಡಿಕೆ. ಕಾರು ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಹೂವು ಒಯ್ಯುವವರು ಯಾರು? "ಈ ವಾರ ಕಳೀಲಿ, ತೋರಿಸಿದ್ರಾತು," ಎಂದ ಸೋಮಶೇಖರ್. ಪಂಪಮ್ಮನೂ ಬಸ್ಸಿಗೆ ಹೋಗಲಿಲ್ಲ. ಬಸ್ಸಿಗೆ ಕಾದರೆ ಕೂಸಿನ ನೀರು ತಡವಾಗುತ್ತದೆ ಎಂಬುದು ಅವರ ಚಿಂತೆ. ಗೀತಾಂಜಲಿಗೆ ಮನಸ್ಸು ತಡೆಯಲಿಲ್ಲ. ಮರುದಿನ ಅತ್ತೆಯ ಜೊತೆ ತಾನೂ ಕಾರು ಹತ್ತಿದಳು.

ಆ ದಿನ ಗಾಳಿ ಜೋರಾಗಿತ್ತು. ಗಾಳಿ ಬಡಿದರೆ ಮೊಗ್ಗು ಬಾಡುತ್ತದೆ ಎಂದು ಸೋಮಶೇಖರ್ ಎಲ್ಲ ಗಾಜು ಏರಿಸಿ ಎ.ಸಿ. ಹಾಕಿದ. ಹಿಂದೆ ಡಿಕ್ಕಿ ಮಾತ್ರ ಎಂದಿನಂತೆ ಅರ್ಧ ತೆರೆದಿತ್ತು. ಪಂಪಮ್ಮ ಹಿಂದಿನ ಸೀಟಿನಲ್ಲಿ ಬುಟ್ಟಿಗಳ ಪಕ್ಕ ಕೂತಿದ್ದರು. ಸ್ವಲ್ಪ ದೂರ ಕೂಸಿನ ಕತೆ ಹೇಳುತ್ತಿದ್ದರು. ಆಮೇಲೆ ಮಾತು ನಿಂತಿತು.

"ಅತ್ತಿ, ನಿದ್ದಿ ಬಂತೇನ್ರಿ?"

ಉತ್ತರ ಬರಲಿಲ್ಲ. ಗೀತಾಂಜಲಿ ಮುಂದಿನ ಸೀಟಿನಿಂದ ತಿರುಗಿ ನೋಡಿದಳು. ಪಂಪಮ್ಮನ ತಲೆ ಕಿಟಕಿಯ ಗಾಜಿಗೆ ಆನಿಕೊಂಡಿತ್ತು. ಬಾಯಿ ಅರ್ಧ ತೆರೆದಿತ್ತು. ಮೈ ಮುಟ್ಟಿ ಅಲುಗಿಸಿದರೆ ಕಣ್ಣು ಬಿಟ್ಟರು, ಆದರೆ ಸೊಸೆಯ ಗುರುತು ಹತ್ತಿದಂತೆ ಕಾಣಲಿಲ್ಲ. ಏನೋ ತೊದಲಿದರು.

"ನಿಲ್ಸ್ರಿ! ಕಾರು ನಿಲ್ಸ್ರಿ!"

"ಇನ್ನೇನು ಊರು ಬಂತು ತಡಿ, ಅಲ್ಲೇ..."

"ಇಲ್ಲೇ ನಿಲ್ಸ್ರಿ ಅಂದೆ!"

ಅಷ್ಟು ಗಟ್ಟಿಯಾಗಿ ಅವಳು ಗಂಡನ ಮುಂದೆ ಎಂದೂ ಮಾತಾಡಿರಲಿಲ್ಲ. ಕಾರು ನಿಂತಿತು. ಗೀತಾಂಜಲಿ ಮೊದಲು ಇಂಜಿನ್ ಬಂದ್ ಮಾಡಿಸಿದಳು. ಎಲ್ಲ ಬಾಗಿಲು ತೆಗೆದಳು. ಇಬ್ಬರೂ ಸೇರಿ ಪಂಪಮ್ಮನನ್ನು ಎತ್ತಿ, ಕಾರಿನಿಂದ ದೂರ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಮಲಗಿಸಿದರು. ಮುದುಕಿಗೆ ವಾಂತಿಯಾಯಿತು. ಗೀತಾಂಜಲಿ ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿದಳು. ಸೋಮಶೇಖರ್ ೧೦೮ಕ್ಕೆ ಫೋನ್ ಮಾಡಿದ.

"ಅವ್ವ... ಯವ್ವಾ... ನಾನು ಸೋಮ, ಕಣ್ ಬಿಡು," ಎಂದು ಪಕ್ಕದಲ್ಲಿ ಕೂತು ಕರೆಯುತ್ತಲೇ ಇದ್ದ. ಸುತ್ತ ಮೆಕ್ಕೆಜೋಳದ ಹೊಲ. ಗಾಳಿ ಧಾರಾಳವಾಗಿ ಬೀಸುತ್ತಿತ್ತು. ಆ ಗಾಳಿಯಲ್ಲಿ ಪಂಪಮ್ಮ ನಿಧಾನವಾಗಿ ಮಗನ ಕಡೆ ನೋಡಿದರು.

"ಕೂಸಿಗೆ... ನೀರು ಕಾಸಿದ್ರೇನು?" ಎಂದರು.

ಸೋಮಶೇಖರನ ಕಣ್ಣಲ್ಲಿ ನೀರು ಬಂತು.

ಆಂಬುಲೆನ್ಸ್ ಬಂತು. ಅದರಲ್ಲಿದ್ದವರು ಪಂಪಮ್ಮನ ಬೆರಳಿಗೆ ಆಮ್ಲಜನಕ ತೋರಿಸುವ ಪುಟ್ಟ ಮಿಷನ್ ಸಿಕ್ಕಿಸಿದರು. ಅಂಕಿ ಚೆನ್ನಾಗಿಯೇ ಬಂತು. ಸೋಮಶೇಖರನಿಗೆ ಜೀವ ಬಂದಂತಾಯಿತು.

"ಆಮ್ಲಜನಕ ಸರಿ ಐತಲ್ಲ. ಹಂಗಾರ ಏನೂ ಇಲ್ಲ. ಮನಿಗೆ ಹೋಗಿ ಮಲಗಿಸೋಣ."

ಗೀತಾಂಜಲಿ ಕೋಮಲಾಗೆ ಫೋನ್ ಮಾಡಿ ವಿಷಯ ಹೇಳಿದಳು. ಆ ಕಡೆಯಿಂದ ಕೋಮಲಾಳ ದನಿ ಸ್ಪಷ್ಟವಾಗಿತ್ತು.

"ಮನಿಗೆ ಬ್ಯಾಡ, ಆಸ್ಪತ್ರಿಗೆ ಹೋಗ್ರಿ. ಆ ಮಿಷನ್ ಸೀಟು ತುಂಬೈತೇನು ಅಂತ ಅಷ್ಟ ನೋಡ್ತೈತಿ ಗೀತಾ. ಯಾರು ಕುಂತಾರ ಅಂತ ಅದಕ್ಕ ತಿಳಿಯಲ್ಲ. ವಿಷಗಾಳಿ ಕುಂತಿದ್ರೂ ಸರಿ ಐತಿ ಅಂತ ತೋರಿಸ್ತೈತಿ. ಕಾರಿನಾಗ ಹೊಗಿ ವಾಸ್ನಿ ಇತ್ತು ಅಂತ ಆಂಬುಲೆನ್ಸಿನವರಿಗೂ ಡಾಕ್ಟರಿಗೂ ಮೊದಲ ಹೇಳು. ಮರೀಬ್ಯಾಡ."

ಗೀತಾಂಜಲಿ ಹೇಳಿದಳು. ಕೇಳಿದ ಕೂಡಲೇ ಆಂಬುಲೆನ್ಸಿನವರು ಆಮ್ಲಜನಕದ ಮಾಸ್ಕ್ ಹಾಕಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಂಪಮ್ಮನನ್ನು ಪರೀಕ್ಷೆ ಮಾಡಿ, ಸೋಮಶೇಖರನ ಕಡೆ ತಿರುಗಿ, "ನಿಮಗೂ ತಲೆನೋವು ಇದೆಯಾ?" ಎಂದು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ. ಅವನನ್ನೂ ಗೀತಾಂಜಲಿಯನ್ನೂ ಪರೀಕ್ಷೆ ಮಾಡಿದರು. ಪಂಪಮ್ಮನಿಗೆ ಹಾಕಿದ್ದ ಮಾಸ್ಕನ್ನು ಸಂಜೆಯವರೆಗೆ ತೆಗೆಯಲಿಲ್ಲ.

"ಕಾರಿನ ವಾಸನೆಯ ವಿಷಯ ನೀವು ಹೇಳದೇ ಇದ್ದಿದ್ದರೆ ನಾವು ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಅಂತ ಹುಡುಕುತ್ತ ಕೂರಬೇಕಿತ್ತು. ಒಳ್ಳೆಯದಾಯಿತು," ಎಂದರು ಡಾಕ್ಟರಮ್ಮ.

ಸೋಮಶೇಖರ್ ತಾಯಿಯ ಕಾಲ ಹತ್ತಿರ ಕೂತಿದ್ದ. ಹೆಂಡತಿಗೆ ಹೇಳಿದ:

"ಹೊಗಿ ಬಂದೈತಿ. ಒಪ್ಕೊಂಡೆ. ಆದ್ರ ಗೀತಾ, ಹಿಂದ ಹೋಗೋ ಹೊಗಿ ಮುಂದ ಹ್ಯಾಂಗ ಬಂತು? ಅದೊಂದು ನನಗ ತಿಳೀವಲ್ದು."

"ನನಗೂ ತಿಳೀವಲ್ದು. ಗ್ಯಾರೇಜಿನಾಗ ಕೇಳೋಣ ಬರ್ರಿ," ಎಂದಳು ಗೀತಾಂಜಲಿ.

ರಸ್ತೆ ಬದಿಯಲ್ಲಿ ಬಿಟ್ಟಿದ್ದ ಕಾರನ್ನು ಮೆಕ್ಯಾನಿಕ್ ಗವಿಸಿದ್ದೇಶ್ ಬೇರೆ ಗಾಡಿಗೆ ಕಟ್ಟಿ ಎಳೆದು ತರಿಸಿದ್ದ. ಮರುದಿನ ಗಂಡ ಹೆಂಡತಿ ಇಬ್ಬರೂ ಗ್ಯಾರೇಜಿಗೆ ಹೋದರು. ಗವಿಸಿದ್ದೇಶ್ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಬ್ಯಾಟರಿ ಹಿಡಿದು ತೋರಿಸಿದ.

"ಬರ್ರಿ ಅಕ್ಕಾರೇ, ಬಗ್ಗಿ ನೋಡ್ರಿ. ಇಂಜಿನ್‌ನಿಂದ ಹಿಂದೀತನ ಹೋಗೋ ಹೊಗಿ ಪೈಪ್ ಇದು. ಇಲ್ಲಿ ಜಾಯಿಂಟಿನ ಸಂದು ಮುಚ್ಚೋ ಪ್ಯಾಕಿಂಗ್ ಹೋಗೈತಿ. ಸುತ್ತ ಕರಿ ಮಸಿ ಹಿಡದೈತಿ, ಕಾಣಸ್ತೈತಾ? ಸೈಲೆನ್ಸರ್ ತುಕ್ಕು ಹಿಡಿದು ಇಲ್ಲೊಂದು ತೂತು. ಇದು ಸರಿಯಾಗಿ ಹಿಂದಿನ ಸೀಟಿನ ಕೆಳಗ."

"ಹೊಗಿ ತಪಾಸಣ್ಯಾಗ ಪಾಸಾಗೈತಲ್ಲೋ!" ಎಂದ ಸೋಮಶೇಖರ್.

"ತಪಾಸಣಿ ಮಾಡೋರು ಪೈಪಿನ ತುದೀಗೆ ಮಿಷನ್ ಹಿಡೀತಾರ್ರಿ. ಊರಿಗೆ ಎಷ್ಟು ಹೊಗಿ ಬಿಡ್ತೀರಿ ಅಂತ ನೋಡ್ತಾರ. ನಡುವ ತೂತು ಬಿದ್ದು ಒಳಗ ಎಷ್ಟು ಬರ್ತೈತಿ ಅಂತ ಅವರು ನೋಡಲ್ಲ."

ಅವನು ಕಾರಿನೊಳಗಿನ ಮ್ಯಾಟ್ ಎತ್ತಿದ. ನೆಲದ ತಗಡಿನಲ್ಲಿ ರಬ್ಬರ್ ಬಿರಡೆ ಇರಬೇಕಾದ ಜಾಗ ಬರಿದಾಗಿತ್ತು. ಅದರಿಂದ ಗ್ಯಾರೇಜಿನ ನೆಲ ಕಾಣುತ್ತಿತ್ತು. ಡಿಕ್ಕಿಯ ಬಾಗಿಲ ಸುತ್ತಲಿನ ರಬ್ಬರ್ ಕೂಡ ಹರಿದು ನೇತಾಡುತ್ತಿತ್ತು.

ಗೀತಾಂಜಲಿಗೆ ಒಂದು ಅನುಮಾನ. "ಒಂದೊಂದು ಸರ್ತಿ ಮುಂದ ಹೋಗೋ ಲಾರಿ ಹೊಗಿನೂ ಒಳಗ ಬರ್ತೈತಲ್ರಿ. ಯಾರ ಹೊಗಿ ಅಂತ ಹ್ಯಾಂಗ ತಿಳ್ಕೊಳ್ಳೋದು?"

"ಲಾರಿ ಮುಂದ ಹೋದ್ರ ವಾಸ್ನಿನೂ ಹೋಗ್ಬೇಕು. ರಸ್ತೆ ಖಾಲಿ ಇದ್ದಾಗ್ಲೂ ವಾಸ್ನಿ ಬಂತಂದ್ರ ಅದು ನಮ್ಮ ಗಾಡೀದ. ಸೈಲೆನ್ಸರ್ ಸಪ್ಪಳ ಮೊದಲಿಗಿಂತ ಜೋರಾಗಿದ್ರೂ ತೂತು ಬಿದ್ದೈತಿ ಅಂತ ತಿಳ್ಕೊಬೇಕು. ಆವಾಗ ಗಾಜು ಇಳಿಸ್ಬೇಕು, ಗಾಡಿ ಪಕ್ಕಕ್ಕ ಹಾಕಿ ಇಳೀಬೇಕು. ಎ.ಸಿ.ಯೊಳಗ ಒಳಗಿನ ಗಾಳೀನ ತಿರುಗಿಸೋ ಗುಂಡಿ ಐತಲ್ಲ, ಅದನ್ನ ಒತ್ತಿದ್ರ ಒಳಗ ಬಂದ ಹೊಗಿ ಅಲ್ಲೇ ಸುತ್ತತಾ ಇರ್ತೈತಿ."

ಸೋಮಶೇಖರನಿಗೆ ನೆನಪಾಯಿತು. ಆ ದಿನ ಅವನು ಒತ್ತಿದ್ದು ಅದೇ ಗುಂಡಿ.

ಗವಿಸಿದ್ದೇಶ್ ಪೈಪಿನ ಜಾಯಿಂಟ್ ಸರಿಮಾಡಿದ. ಹೊಸ ಸೈಲೆನ್ಸರ್ ಹಾಕಿದ. ನೆಲದ ತೂತಿಗೆ ಬಿರಡೆ, ಡಿಕ್ಕಿಗೆ ಹೊಸ ರಬ್ಬರ್ ಬಂತು. ಎಲ್ಲ ಮುಗಿದ ಮೇಲೂ ಗೀತಾಂಜಲಿ ಅಲ್ಲೇ ನಿಂತಿದ್ದಳು.

"ಪೈಪ್ ಸರಿಯಾತು. ಇನ್ನು ಡಿಕ್ಕಿ ತಗದು ಹೋದ್ರ ಹೊಗಿ ಬರಲ್ಲಲ್ಲ?"

"ಬರ್ತೈತ್ರಿ. ಪೈಪಿನ ತುದಿ ಡಿಕ್ಕಿ ಕೆಳಗ ಐತಲ್ಲ."

"ಅದ ನೋಡು ನನಗೂ ತಿಳೀದೇ ಇರೋದು!" ಎಂದು ಸೋಮಶೇಖರ್ ಮುಂದೆ ಬಂದ. "ಗಾಳಿ ಹಿಂದ ಹೋಗ್ತೈತಿ. ಹೊಗಿನೂ ಹಿಂದ ಹೋಗ್ಬೇಕು."

ಗೀತಾಂಜಲಿಯ ಚೀಲದಲ್ಲಿ ಹೂವು ಕಟ್ಟುವ ಬಾಳೆನಾರು ಇತ್ತು. ಅವಳು ಒಂದು ಹಿಡಿ ನಾರು ತೆಗೆದು, ಸೀಳಿ ಸಣ್ಣ ಎಳೆ ಮಾಡಿ, ಡಿಕ್ಕಿಯ ಅಂಚಿನುದ್ದಕ್ಕೂ ಅಲ್ಲಲ್ಲಿ ಕಟ್ಟಿದಳು. "ಡಿಕ್ಕಿ ಅರ್ಧ ತಗದು ಹಗ್ಗ ಕಟ್ರಿ. ಗಾಜು ಎಲ್ಲಾ ಇಳಿಸ್ರಿ. ಒಂದೀಟು ದೂರ ಹೋಗಿ ಬರೋಣ. ನಾರು ಯಾವ ಕಡಿಗೆ ಹಾರ್ತೈತೋ ಗಾಳಿ ಆ ಕಡಿಗೆ ಹೋಗ್ತೈತಿ."

ಗವಿಸಿದ್ದೇಶನಿಗೂ ಇದು ಮಜಾ ಅನ್ನಿಸಿತು. "ನಡೀರಿ ನೋಡೇಬಿಡೋಣ," ಎಂದು ಅವನೇ ಸ್ಟೀರಿಂಗ್ ಹಿಡಿದ. ಗಂಡ ಹೆಂಡತಿ ಹಿಂದಕ್ಕೆ ತಿರುಗಿ ಕೂತರು. ಊರ ಹೊರಗಿನ ಖಾಲಿ ರಸ್ತೆಯಲ್ಲಿ ಕಾರು ವೇಗ ಹಿಡಿಯಿತು.

ನಾರಿನ ಎಳೆಗಳು ಮೊದಲು ಸುಮ್ಮನೆ ಅಲುಗಾಡಿದವು. ವೇಗ ಹೆಚ್ಚಿದಂತೆ ಒಂದೊಂದಾಗಿ ಎದ್ದವು. ಕೆಳಗಿನ ಅಂಚಿನ ಎಳೆಗಳು ಹೊರಗೆ ಹಾರಲಿಲ್ಲ. ಒಳಗೆ ಬಾಗಿದವು. ಯಾರೋ ಸೀಟಿನ ಕಡೆಯಿಂದ ಹಿಡಿದು ಎಳೆಯುತ್ತಿರುವಂತೆ, ಅವರಿಬ್ಬರ ಮುಖದ ಕಡೆಗೇ ತಿರುಗಿ ಪಟಪಟ ಹೊಡೆದುಕೊಳ್ಳತೊಡಗಿದವು.

"ಅಯ್ಯ ಇವನ!" ಎಂದ ಸೋಮಶೇಖರ್. "ಒಳಗ ಬರ್ತಾವಲ್ಲೇ!"

"ಬುಟ್ಟಿಗೆ ಧೂಳು ಹಿಂದಿನಿಂದ ಯಾಕ ಹತ್ತಿತ್ತು ಅಂತ ಈಗ ತಿಳೀತು," ಎಂದಳು ಗೀತಾಂಜಲಿ.

ಗವಿಸಿದ್ದೇಶ್ ಕಾರು ನಿಲ್ಲಿಸಿ ಹೇಳಿದ: "ಬಸ್ಸು ಜೋರಾಗಿ ಹೋದ ಮ್ಯಾಲೆ ರಸ್ತ್ಯಾಗಿನ ಕಸ, ಕಾಗದ ಅದರ ಬೆನ್ನು ಹತ್ತಿ ಓಡ್ತಾವಲ್ಲ, ನೋಡಿಲ್ಲೇನ್ರಿ? ಗಾಡಿ ಗಾಳಿ ಸೀಳ್ಕೊಂಡು ಹೋದಾಗ ಅದರ ಹಿಂದ ಜಾಗ ಖಾಲಿ ಬೀಳ್ತೈತಿ. ಆ ಜಾಗ ತುಂಬಾಕ ಗಾಳಿ ಸುತ್ತಿ ಬರ್ತೈತಿ. ಅಲ್ಲೇ ಹೊಗಿ ಪೈಪ್ ಐತಿ. ಡಿಕ್ಕಿ ತಗದಿದ್ರ ಗಾಳಿ ಜೊತಿ ಹೊಗಿನೂ ಒಳಗ."

ಸೋಮಶೇಖರ್ ಕಾರಿನಿಂದಿಳಿದು, ಹಗ್ಗ ಬಿಚ್ಚಿ, ಡಿಕ್ಕಿಯ ಬಾಗಿಲನ್ನು ತಾನೇ ಒತ್ತಿ ಮುಚ್ಚಿದ. ಮುಚ್ಚಿತೋ ಇಲ್ಲವೋ ಎಂದು ಎಳೆದೂ ನೋಡಿದ.

ಅಂದಿನಿಂದ ಎತ್ತರದ ಬುಟ್ಟಿ ಬಿಟ್ಟು ಗಿಡ್ಡ ಬುಟ್ಟಿಗಳಿಗೆ ಹೂವು ತುಂಬಿದರು. ಹಿಂದಿನ ಸೀಟು ಮಡಚಿ ಬುಟ್ಟಿ ಜೋಡಿಸಿದರೆ ಡಿಕ್ಕಿ ಸಲೀಸಾಗಿ ಮುಚ್ಚುತ್ತಿತ್ತು. ಮುಂದಿನ ಸೀಟಿನಲ್ಲೂ ಬುಟ್ಟಿ ತುಂಬುತ್ತಿದ್ದುದರಿಂದ ಪಂಪಮ್ಮ ಚೇತರಿಸಿಕೊಂಡ ಮೇಲೆ ಬಸ್ಸಿಗೆ ಹೋದರು. ಬಸ್ಸಿನ ಬಗ್ಗೆ ಗೊಣಗಿದರು, ಆದರೆ ತಲೆನೋವಿನ ಬಗ್ಗೆ ಗೊಣಗಲಿಲ್ಲ. ಬಾಣಂತಿಯನ್ನೂ ಕೂಸನ್ನೂ ಕರೆತರುವ ದಿನ ಸೋಮಶೇಖರ್ ಕಾರು ತೊಳೆದು, ಕನ್ನಡಿಗೆ ಕಟ್ಟಿದ್ದ ಬಾಟಲಿ ಬಿಚ್ಚಿ ಬಿಸಾಕಿದ. ಆಮೇಲೆ ತಾಯಿಯನ್ನು ಕರೆದ.

"ಅವ್ವ, ಗವಿಸಿದ್ದೇಶ್ ಎಲ್ಲಾ ಸರಿ ಮಾಡ್ಯಾನ. ಆದ್ರೂ ನೀನು ಕುಂತು ಮೂಸಿ ನೋಡು. ನೀನು ಹೂಂ ಅಂದ್ರ ಮಾತ್ರ ಕೂಸು ಹತ್ತತೈತಿ."

ಪಂಪಮ್ಮ ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ, ಊರೊಳಗೆ ಒಂದು ಸುತ್ತು ಹೊಡೆಸಿದರು. ಇಳಿದು, "ಹೂಂ," ಎಂದರು.

ಸ್ವಲ್ಪ ದಿನದ ನಂತರ ಸೋಮಶೇಖರ್ ಮದುವೆಗೆ ಹೂವಿನ ಹಾರ ಕೊಡಲು ಕೊಟ್ಟೂರಿನ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದ. ನೆತ್ತಿ ಸುಡುವ ಬಿಸಿಲು. ಮಂಟಪದ ಹಿಂದೆ ಬಾಡಿಗೆ ಕಾರೊಂದು ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು. ಮೇಲೆ ತಗಡಿನ ಚಪ್ಪರ. ಇಂಜಿನ್ ಓಡುತ್ತಿತ್ತು. ಗಾಜು ಎಲ್ಲ ಮುಚ್ಚಿತ್ತು. ಒಳಗೆ ಡ್ರೈವರ್ ಸೀಟು ಹಿಂದಕ್ಕೆ ಬಾಗಿಸಿ ಎ.ಸಿ. ಹಾಕಿಕೊಂಡು ಮಲಗಿದ್ದ.

ಸೋಮಶೇಖರ್ ಹಾರದ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟ. ಓಡಿಹೋಗಿ ಗಾಜು ಬಡಿದ. ಡ್ರೈವರ್ ಏಳಲಿಲ್ಲ. ಮತ್ತೆ ಜೋರಾಗಿ ಬಡಿದ. ಅವನು ಮೆಲ್ಲಗೆ ಕಣ್ಣು ಬಿಟ್ಟು, ಗಾಜು ಇಳಿಸಿ, "ಏನ್ರಿ ನಿಮ್ದು? ಜನ ಊಟಕ್ಕ ಕುಂತಾರ, ಅವರು ಬರೋತನ ಒಂದೀಟು ಮಲಗಾಕ ಬಿಡ್ರಿ," ಎಂದು ರೇಗಿದ. ಅವನ ಹೆಸರು ಯರ್ರೆಪ್ಪ.

"ಮೊದಲು ಇಂಜಿನ್ ಬಂದ್ ಮಾಡಿ ಹೊರಗ ಬರ್ರಿ ಯಪ್ಪಾ. ಆಮೇಲೆ ಬೈರಿ, ಬೈಸಿಕೊಂತೀನಿ."

ಯರ್ರೆಪ್ಪ ಇಳಿದ. ನೆಲಕ್ಕೆ ಕಾಲಿಟ್ಟವನು ತೂರಾಡಿ ಬಾಗಿಲು ಹಿಡಿದುಕೊಂಡ.

"ತಲಿ ಯಾಕೋ ದಿಮ್ ಅಂತೈತಿ," ಎಂದ.

"ಬಿಸಿಲಿಗೆ ಅಂತ ತಿಳ್ಕೊಬ್ಯಾಡ್ರಿ. ಹಿಂದ ಗೋಡಿ, ಮ್ಯಾಲೆ ತಗಡು. ನಿಮ್ಮ ಗಾಡಿ ಬಿಟ್ಟ ಹೊಗಿ ಎಲ್ಲಿ ಹೋಗ್ಬೇಕು? ಬಯಲಿಗೆ ಬರ್ರಿ. ಆಮೇಲೆ ಡಾಕ್ಟರಿಗೆ ತೋರಿಸೋಣ. ನನ್ನ ತಾಯಿಗೆ ಏನಾಗಿತ್ತು ಅಂತ ಹೇಳ್ತೀನಿ, ನಡೀರಿ."

ಸೋಮಶೇಖರ್ ೧೦೮ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಹೊರಗಿನ ಮರದ ನೆರಳಿನಲ್ಲಿ ಎಲ್ಲವನ್ನೂ ಹೇಳಿದ. ಹಿಂದೆ ಬಿಟ್ಟ ಹೊಗೆ ಮುಂದೆ ಹೇಗೆ ಬರುತ್ತದೆ ಎಂದು ಯರ್ರೆಪ್ಪನೂ ಕೇಳಿದ. ಅಲ್ಲೇ ನಿಂತು ಕೇಳುತ್ತಿದ್ದ ಬೇರೆ ಡ್ರೈವರುಗಳೂ ಕೇಳಿದರು. ಸೋಮಶೇಖರ್ ಬಸ್ಸಿನ ಬೆನ್ನು ಹತ್ತಿ ಓಡುವ ಕಾಗದದ ಮಾತಿನಿಂದ ಶುರು ಮಾಡಿದ. ಆಂಬುಲೆನ್ಸ್ ಬಂದ ಕೂಡಲೇ ಅವನೇ ಯರ್ರೆಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಹಾರಗಳನ್ನು ಬೇರೆ ಯಾರೋ ಒಳಗೆ ಒಯ್ದು ಕೊಟ್ಟರು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಯಾರದೋ ಮನೆಯ ಮುಂದೆ ಕಾರು ಇದೆ. ಯಾರೋ ಬಾಡಿಗೆ ಕಾರಿನಲ್ಲಿ ಮದುವೆಗೆ, ಆಸ್ಪತ್ರೆಗೆ ಹೋಗಿ ಬರುತ್ತೀರಿ. ಕಾರಿನೊಳಗೆ ಹೊಗೆಯ ವಾಸನೆ ಬಂದರೆ ಅದನ್ನು ಇನ್ನೊಂದು ವಾಸನೆಯಿಂದ ಮುಚ್ಚಬೇಡಿ. ಗಾಜು ಇಳಿಸಿ, ಬಯಲಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಎಲ್ಲರೂ ಇಳಿಯಿರಿ. ಸರಿಮಾಡಿಸುವವರೆಗೆ ಆ ಗಾಡಿಯಲ್ಲಿ ಯಾರನ್ನೂ ಕೂರಿಸಬೇಡಿ. ಡಿಕ್ಕಿ ತೆರೆದು ಗಾಡಿ ಓಡಿಸಬೇಡಿ. ಶೆಡ್ಡಿನಲ್ಲಿ, ಗೋಡೆಯ ಮಗ್ಗುಲಲ್ಲಿ ಇಂಜಿನ್ ಚಾಲೂ ಇಟ್ಟು ಒಳಗೆ ಮಲಗಬೇಡಿ. ಗಾಡಿಯಲ್ಲಿ ಕೂತವರಿಗೆಲ್ಲ ತಲೆ ನೋಯುತ್ತಿದ್ದರೆ, ಹೊಟ್ಟೆ ತೊಳಸಿದರೆ, ಕೂಡಲೇ ಗಾಳಿಗೆ ಬಂದು ೧೦೮ಕ್ಕೆ ಕರೆ ಮಾಡಿ. ಗಾಡಿಯಲ್ಲಿ ಹೊಗೆ ಬರುತ್ತಿತ್ತು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೆರಳಿನ ಮಿಷನ್ ಸರಿ ತೋರಿಸಿತು ಎಂದು ಮನೆಗೆ ಮರಳಬೇಡಿ.

ದಿನಾ ಓಡಿಸುವವನ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಹಿಂದೆ ಕೂತ ತಾಯಿ, ಹೆಂಡತಿ, ಮಕ್ಕಳು "ಏನೋ ವಾಸ್ನಿ ಬರ್ತೈತಿ" ಎಂದರೆ ನಗಬೇಡಿ. ಅವರ ಮಾತಿಗೆ ಗಾಡಿ ನಿಲ್ಲಿಸಿ.